ಕಾಪಿರೈಟ್ ನೋಟಿಸ್ ಬಂತಾ? ಡಿಲೀಟ್ ಒತ್ತುವ ಮೊದಲು ಇದನ್ನು ಓದಿ

ಕೆಲವು ವರ್ಷಗಳ ಹಿಂದೆ ನಾನು ಕೊಳಲಿನಲ್ಲಿ ಒಂದು ಹಳೆಯ ರಚನೆ ನುಡಿಸಿ, ಫೋನಿನಲ್ಲೇ ರೆಕಾರ್ಡ್ ಮಾಡಿ ನೆಟ್‌ಗೆ ಹಾಕಿದ್ದೆ. ಅದನ್ನು ರಚಿಸಿದವರು ತೀರಿಹೋಗಿ ನೂರೈವತ್ತು ವರ್ಷ ಕಳೆದಿತ್ತು. ಮರುದಿನವೇ ಮೇಲ್ ಬಂತು. ಈ ಧ್ವನಿಯ ಹಕ್ಕು ಯಾವುದೋ ಕಂಪನಿಯದಂತೆ. ಉಸಿರು ನನ್ನದು, ಬೆರಳು ನನ್ನದು, ಫೋನೂ ನನ್ನದು. ಆದರೂ ಭಯವಾಯಿತು, ವಿಡಿಯೋ ಡಿಲೀಟ್ ಮಾಡಿದೆ. ಅದೇ ರಚನೆಯನ್ನು ಬೇರೊಬ್ಬರು ನುಡಿಸಿ ಮಾರುತ್ತಿದ್ದರು, ಧ್ವನಿ ಹೋಲಿಸಿ ನೋಡುವ ಸೈಟಿನ ಯಂತ್ರ ಅವರದ್ದನ್ನೂ ನನ್ನದನ್ನೂ ಒಂದೇ ಅಂದುಕೊಂಡಿತ್ತು. ಇದು ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿತ್ತು.

ಹೀಗೆ ಸುಮ್ಮನಾಗುವವರೇ ಜಾಸ್ತಿ. ಯೂಟ್ಯೂಬ್ 2021ರ ಕೊನೆಯಲ್ಲಿ ಮೊದಲ ಸಲ ತನ್ನ ಕಾಪಿರೈಟ್ ವರದಿ ಹೊರತಂದಿತು. ಆ ವರ್ಷದ ಮೊದಲ 6 ತಿಂಗಳಲ್ಲಿ ಕಂಟೆಂಟ್ ಐಡಿ ಎಂಬ ಅದರ ಯಂತ್ರದ ಮೂಲಕ "ಇದು ನಮ್ಮದು" ಎನ್ನುವ 72 ಕೋಟಿಗೂ ಹೆಚ್ಚು ಕ್ಲೇಮ್‌ಗಳು ಬಿದ್ದಿದ್ದವು. ಜನ ತಕರಾರು ಎತ್ತಿದ್ದು ಶೇ 1ಕ್ಕಿಂತ ಕಡಿಮೆ ಕ್ಲೇಮ್‌ಗಳಿಗೆ. ಹಾಗೆ ಎತ್ತಿದ ತಕರಾರುಗಳಲ್ಲಿ ಶೇ 60ರಷ್ಟು ವಿಡಿಯೋ ಹಾಕಿದವರ ಪರವಾಗಿಯೇ ಮುಗಿದವು. ಉಳಿದ ಕ್ಲೇಮ್‌ಗಳೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ, ಬಹಳಷ್ಟು ಸರಿಯೇ ಇರಬಹುದು. ಆದರೆ ಮಾತಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೆದ್ದರು ಅನ್ನುವುದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ.

ಬರೆದವರಿಗೆ, ಹಾಡಿದವರಿಗೆ, ಫೋಟೋ ತೆಗೆದವರಿಗೆ ಅವರ ದುಡಿಮೆಯ ಫಲ ಸಿಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಆ ಹಕ್ಕಿನ ಹೆಸರಲ್ಲಿ ಬೇರೆಯವರ ಬಾಯಿ ಮುಚ್ಚಿಸುವುದರ ಬಗ್ಗೆ, ಅವರ ಹೆಸರು ವಿಳಾಸ ಕೆದಕುವುದರ ಬಗ್ಗೆ. ಇದಕ್ಕೆ ಸಾಮಾನ್ಯ ಜನ ಏನು ಮಾಡಬಹುದು ಅನ್ನುವುದನ್ನು ಹಂತ ಹಂತವಾಗಿ ಬರೆದಿದ್ದೇನೆ.

1. ಮೇಲ್ ನಿಜವಾದದ್ದಾ ನೋಡಿ

ಪಾಸ್‌ವರ್ಡ್ ಕದಿಯುವವರಿಗೆ ಕಾಪಿರೈಟ್ ಭಯ ತುಂಬಾ ಅನುಕೂಲದ ಬಲೆ. "ನಿಮ್ಮ ಪೋಸ್ಟ್ ಕಾಪಿರೈಟ್ ಮುರಿದಿದೆ, 24 ಗಂಟೆಯಲ್ಲಿ ಅಕೌಂಟ್ ಮುಚ್ಚುತ್ತೇವೆ, ಇಲ್ಲಿ ಒತ್ತಿ" ಅಂತ ಬರುತ್ತದೆ. ಒತ್ತಿದರೆ ಲಾಗಿನ್ ಪುಟದ ಹಾಗೆಯೇ ಕಾಣುವ ನಕಲಿ ಪುಟ ತೆರೆದುಕೊಳ್ಳುತ್ತದೆ. ಕೆಲವು ಮೇಲ್‌ಗಳ ಜೊತೆ "ಸಾಕ್ಷ್ಯ" ಅಂತ ಒಂದು ಫೈಲ್ ಇರುತ್ತದೆ, ತೆರೆದರೆ ವೈರಸ್.

ಆದ್ದರಿಂದ ಮೇಲ್‌ನಲ್ಲಿರುವ ಲಿಂಕ್ ಮುಟ್ಟಬೇಡಿ. ಬ್ರೌಸರ್ ತೆರೆದು, ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ನಿಜವಾದ ಕ್ಲೇಮ್ ಆಗಿದ್ದರೆ ಸಾಮಾನ್ಯವಾಗಿ ನಿಮ್ಮ ಖಾತೆಯ ಒಳಗೂ ಕಾಣಿಸುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಆ ಮೇಲ್ ಅನ್ನು ನಂಬಬೇಡಿ.

2. ಬಂದದ್ದು ಯಾವ ಬಗೆಯದು?

ಎಲ್ಲವನ್ನೂ ಜನ "ನೋಟಿಸ್" ಅಂತಲೇ ಕರೆಯುತ್ತಾರೆ. ಆದರೆ ಅದರಲ್ಲಿ ಮೂರು ಬಗೆ ಇದೆ. ಮೂರಕ್ಕೂ ಉತ್ತರ ಬೇರೆ ಬೇರೆ.

ಮೊದಲನೆಯದು ಯಂತ್ರದ ಕ್ಲೇಮ್. ಸೈಟಿನ ಸಾಫ್ಟ್‌ವೇರ್ ನಿಮ್ಮ ಧ್ವನಿಯನ್ನೋ ಚಿತ್ರವನ್ನೋ ತನ್ನ ಪಟ್ಟಿಯ ಜೊತೆ ಹೋಲಿಸಿ "ಇದು ಅವರದ್ದು" ಅನ್ನುತ್ತದೆ. ಹೆಚ್ಚಾಗಿ ವಿಡಿಯೋ ಹಾಗೆಯೇ ಉಳಿಯುತ್ತದೆ, ಜಾಹೀರಾತಿನ ಹಣ ಮಾತ್ರ ಅವರಿಗೆ ಹೋಗುತ್ತದೆ. ಈ ಯಂತ್ರಗಳು ಎಷ್ಟು ಎಡವುತ್ತವೆ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಒಬ್ಬ ಸಂಗೀತಗಾರರು 10 ಗಂಟೆಯ ಬರೀ "ಶ್ಶ್" ಎನ್ನುವ ಸದ್ದನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಹಾಕಿದ್ದರು. ಟಿವಿಯಲ್ಲಿ ಚಾನೆಲ್ ಸಿಗದಾಗ ಬರುತ್ತಲ್ಲ, ಅಂಥ ಸದ್ದು. ಅದರ ಮೇಲೆ ಐದು ಕ್ಲೇಮ್ ಬಿದ್ದಿದ್ದವು. ಇದು 2018ರಲ್ಲಿ ಸುದ್ದಿಯಾಯಿತು.

ಎರಡನೆಯದು ಕಾನೂನಿನ ಪ್ರಕಾರ ಬರುವ, ತೆಗೆದುಹಾಕಿ ಎನ್ನುವ ನೋಟಿಸ್. ಅಮೆರಿಕದಲ್ಲಿ 1998ರಲ್ಲಿ ಬಂದ ಡಿಎಂಸಿಎ ಕಾನೂನಿನಡಿ ಬರುವಂಥದ್ದು ಇದು. ದೊಡ್ಡ ಸೈಟುಗಳು ಬಹಳಷ್ಟು ಅಲ್ಲಿಯವೇ ಆದ್ದರಿಂದ ನೀವು ಯಾವ ದೇಶದಲ್ಲಿದ್ದರೂ ಈ ಹೆಸರು ಎದುರಾಗುತ್ತದೆ. ನೋಟಿಸ್ ಬಂದ ಕೂಡಲೇ ತೆಗೆದುಹಾಕಿದರೆ ಸೈಟಿನ ಮೇಲೆ ಹೊಣೆ ಬರುವುದಿಲ್ಲ. ಹಾಗಾಗಿ ಸೈಟು ಮೊದಲು ತೆಗೆಯುತ್ತದೆ, ನಂತರ ನಿಮಗೆ ಹೇಳುತ್ತದೆ. 2012ರ ಆಗಸ್ಟ್‌ನಲ್ಲಿ ನಾಸಾ ತನ್ನ ಕ್ಯೂರಿಯಾಸಿಟಿ ಗಾಡಿ ಮಂಗಳದ ಮೇಲೆ ಇಳಿದ ವಿಡಿಯೋ ಹಾಕಿದಾಗ, ಒಂದು ಸುದ್ದಿ ಕಂಪನಿಯ ದೂರಿನಿಂದ ನಾಸಾದ ವಿಡಿಯೋವೇ ಕೆಲ ಹೊತ್ತು ಕಾಣೆಯಾಗಿತ್ತು. ಈ ಬಗೆಯ ನೋಟಿಸ್ ಬಂದರೆ ಖಾತೆಗೆ ಸ್ಟ್ರೈಕ್, ಅಂದರೆ ಎಚ್ಚರಿಕೆಯ ಗುರುತು, ಬೀಳುತ್ತದೆ. ಯೂಟ್ಯೂಬಿನಲ್ಲಿ 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು.

ಮೂರನೆಯದು ಹಣ ಕೇಳುವ ಪತ್ರ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

3. ಎಲ್ಲವನ್ನೂ ಉಳಿಸಿಕೊಳ್ಳಿ

ಉತ್ತರ ಬರೆಯುವ ಮೊದಲೇ ನೋಟಿಸ್‌ನ ಸ್ಕ್ರೀನ್‌ಶಾಟ್, ಬಂದ ದಿನ, ಯಾರ ಹೆಸರಲ್ಲಿ ಬಂತು, ಯಾವ ನಿಮಿಷದಿಂದ ಯಾವ ನಿಮಿಷದವರೆಗಿನ ಭಾಗದ ಬಗ್ಗೆ ಬಂತು, ಇಷ್ಟನ್ನು ಒಂದು ಫೋಲ್ಡರಿನಲ್ಲಿ ಇಡಿ. ನಿಮ್ಮ ಮೂಲ ಫೈಲ್ ಮತ್ತು ನಿಮಗೆ ಸಿಕ್ಕ ಲೈಸೆನ್ಸ್ ಪುಟದ ಪ್ರತಿ ಕೂಡ ಅಲ್ಲೇ ಇರಲಿ. ಬಳಸಿದ ಚಿತ್ರದ ಪುಟ ನಾಳೆ ಬದಲಾಗಬಹುದು, ಆದ್ದರಿಂದ ಇವತ್ತೇ ಪ್ರತಿ ತೆಗೆಯಿರಿ. ನಾನು ವಿಡಿಯೋ ಡಿಲೀಟ್ ಮಾಡಿದಾಗ ನೋಟಿಸ್‌ನ ವಿವರವೂ ಅದರ ಜೊತೆಗೇ ಹೋಗಿತ್ತು.

ಲುಮೆನ್ ಎಂಬ ಸಂಗ್ರಹದಲ್ಲಿ ಒಮ್ಮೆ ಹುಡುಕಿ ನೋಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕ್ಲೈನ್ ಕೇಂದ್ರ ಅದನ್ನು ನಡೆಸುತ್ತದೆ. ಗೂಗಲ್‌ನಂಥ ಕಂಪನಿಗಳು ತಮಗೆ ಬಂದ ನೋಟಿಸ್‌ಗಳ ಪ್ರತಿಯನ್ನು ಅಲ್ಲಿಗೆ ಕಳಿಸುತ್ತವೆ. ಅದೇ ಹೆಸರಿನವರು ಬೇರೆ ಎಷ್ಟು ಜನರಿಗೆ ಇಂಥದ್ದೇ ನೋಟಿಸ್ ಕಳಿಸಿದ್ದಾರೆ ಅನ್ನುವುದು ಅಲ್ಲಿ ಸಿಕ್ಕರೆ ನಿಮ್ಮ ಉತ್ತರಕ್ಕೆ ಬಲ ಬರುತ್ತದೆ.

4. ನಿಮ್ಮ ಪಕ್ಷ ಗಟ್ಟಿ ಇದೆಯಾ?

ಇಲ್ಲಿ ನಿಮಗೆ ನೀವೇ ಪ್ರಾಮಾಣಿಕವಾಗಿರಬೇಕು. ಇಡೀ ಸಿನಿಮಾ ಹಾಕಿ "ಇದು ನನ್ನ ಹಕ್ಕು" ಅಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ತಪ್ಪು ನಿಮ್ಮದೇ ಆಗಿದ್ದರೆ ಆ ಭಾಗ ತೆಗೆದುಬಿಡಿ, ವಿಷಯ ಅಲ್ಲಿಗೇ ಮುಗಿಯುತ್ತದೆ.

ಆದರೆ ಕಾಪಿರೈಟ್ ಕಾನೂನಿನ ಒಳಗೇ ನಮಗೆ ಬಿಟ್ಟುಕೊಟ್ಟ ಜಾಗ ಇದೆ. ಬಹಳ ಜನರಿಗೆ ಇದು ಗೊತ್ತಿಲ್ಲ. 1886ರಲ್ಲಿ ಶುರುವಾದ ಬರ್ನ್ ಒಪ್ಪಂದಕ್ಕೆ ಜಗತ್ತಿನ ಬಹುತೇಕ ದೇಶಗಳು ಸೇರಿವೆ. ಈಗಾಗಲೇ ಕಾನೂನುಬದ್ಧವಾಗಿ ಹೊರಬಂದಿರುವ ಕೃತಿಯಿಂದ ನ್ಯಾಯವಾಗಿ, ಉದ್ದೇಶಕ್ಕೆ ಬೇಕಾದಷ್ಟನ್ನು ಉಲ್ಲೇಖಿಸಲು ಆ ಒಪ್ಪಂದದ 10ನೇ ವಿಧಿ ಅವಕಾಶ ಕೊಡುತ್ತದೆ. ಮೂಲ ಯಾರದ್ದು ಅಂತ ಹೇಳಬೇಕು, ಅಷ್ಟೇ. ಪುಸ್ತಕದ ವಿಮರ್ಶೆಯಲ್ಲಿ ನಾಲ್ಕು ಸಾಲು, ಸಿನಿಮಾ ಚರ್ಚೆಯಲ್ಲಿ ಕೆಲವು ಸೆಕೆಂಡು, ಸುದ್ದಿಯನ್ನು ಟೀಕಿಸುವಾಗ ಅದೇ ಸುದ್ದಿಯ ತುಣುಕು, ಇವೆಲ್ಲ ಈ ಜಾಗದಲ್ಲಿ ಬರುವಂಥವು. ಅಮೆರಿಕದವರು ಇದಕ್ಕೆ ಫೇರ್ ಯೂಸ್ ಅನ್ನುತ್ತಾರೆ, ಭಾರತ, ಬ್ರಿಟನ್ ಮೊದಲಾದ ದೇಶಗಳಲ್ಲಿ ಫೇರ್ ಡೀಲಿಂಗ್. ಎರಡೂ ಒಂದೇ ಅಲ್ಲ. ಅಮೆರಿಕದ್ದು ಹೆಚ್ಚು ಸಡಿಲ, ಬೇರೆ ಕಡೆ ವಿಮರ್ಶೆ, ಸುದ್ದಿ, ಸಂಶೋಧನೆ, ಪಾಠ ಎಂದು ಉದ್ದೇಶಗಳನ್ನು ಪಟ್ಟಿ ಮಾಡಿರುತ್ತಾರೆ. ನಿಮ್ಮ ದೇಶದ ಕಾಪಿರೈಟ್ ಕಾನೂನಿನಲ್ಲಿ ವಿನಾಯಿತಿಗಳ ಸೆಕ್ಷನ್ ಯಾವುದು ಅಂತ ಹುಡುಕಿ ಓದಿ. ಅರ್ಧ ಗಂಟೆಯ ಕೆಲಸ.

ಅಮೆರಿಕದ ಕೋರ್ಟ್‌ಗಳು ನೋಡುವ ನಾಲ್ಕು ಪ್ರಶ್ನೆಗಳು ಎಲ್ಲಿದ್ದರೂ ಉಪಯೋಗಕ್ಕೆ ಬರುತ್ತವೆ. ಯಾಕೆ ಬಳಸಿದಿರಿ? ಬಳಸಿದ್ದು ಎಂಥ ಕೃತಿ? ಎಷ್ಟು ತೆಗೆದುಕೊಂಡಿರಿ? ಇದರಿಂದ ಮೂಲದ ಮಾರಾಟಕ್ಕೆ ಪೆಟ್ಟು ಬೀಳುತ್ತದಾ? "30 ಸೆಕೆಂಡಿಗಿಂತ ಕಡಿಮೆ ಇದ್ದರೆ ಪರವಾಗಿಲ್ಲ" ಅಂತ ಒಂದು ಮಾತು ಓಡಾಡುತ್ತದೆ. ಅಂಥ ಲೆಕ್ಕದ ನಿಯಮ ಇಲ್ಲ, ಅದನ್ನು ನಂಬಿ ಕೂರಬೇಡಿ. "ಕಾಪಿರೈಟ್ ಮುರಿಯುವ ಉದ್ದೇಶವಿಲ್ಲ" ಅಂತ ವಿಡಿಯೋ ಕೆಳಗೆ ಬರೆದರೂ ರಕ್ಷಣೆ ಸಿಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ನನ್ನ ಕೊಳಲಿನ ಕಥೆಯದ್ದೇ. ರಚನೆಯ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಬರ್ನ್ ಒಪ್ಪಂದದ ಪ್ರಕಾರ ರಚಿಸಿದವರ ಸಾವಿನ ನಂತರ ಕನಿಷ್ಠ 50 ವರ್ಷ ಹಕ್ಕು ಇರಬೇಕು. ಭಾರತದಲ್ಲಿ ಇದು 60 ವರ್ಷ, ಯುರೋಪಿನ ಒಕ್ಕೂಟದಲ್ಲಿ 70. ಅವಧಿ ಮುಗಿದ ರಚನೆಯನ್ನು ನೀವು ನುಡಿಸಬಹುದು. ಆದರೆ ಅದನ್ನೇ ಕಳೆದ ವರ್ಷ ಯಾರೋ ನುಡಿಸಿದ ರೆಕಾರ್ಡಿಂಗನ್ನು ಅವರ ಅನುಮತಿ ಇಲ್ಲದೆ ಎತ್ತಿ ಹಾಕುವಂತಿಲ್ಲ.

5. ಉತ್ತರ ಬರೆಯಿರಿ, ಆದರೆ ಹೆಸರು ಎಲ್ಲಿಗೆ ಹೋಗುತ್ತದೆ ಅಂತ ತಿಳಿದು ಬರೆಯಿರಿ

ಯಂತ್ರದ ಕ್ಲೇಮ್ ಆಗಿದ್ದರೆ ಸೈಟಿನಲ್ಲೇ ತಕರಾರು ಎತ್ತುವ ಬಟನ್ ಇರುತ್ತದೆ. ಉದ್ದದ ಭಾಷಣ ಬೇಡ, ಸಿಟ್ಟೂ ಬೇಡ. ಹೀಗೆ ನಾಲ್ಕೈದು ಸಾಲು ಸಾಕು:

"ಈ ವಿಡಿಯೋದಲ್ಲಿರುವ ವಾದನ ನನ್ನದು. ಇಂಥ ದಿನ ನಾನೇ ನುಡಿಸಿ ರೆಕಾರ್ಡ್ ಮಾಡಿದ್ದೇನೆ. ಮೂಲ ರಚನೆ ಮಾಡಿದವರು ಇಂಥ ವರ್ಷ ತೀರಿಕೊಂಡಿದ್ದಾರೆ, ರಚನೆಯ ಕಾಪಿರೈಟ್ ಅವಧಿ ಮುಗಿದಿದೆ. ನಿಮ್ಮ ರೆಕಾರ್ಡಿಂಗಿನ ಯಾವ ಭಾಗವೂ ಇದರಲ್ಲಿ ಇಲ್ಲ. ದಯವಿಟ್ಟು ಕ್ಲೇಮ್ ಹಿಂತೆಗೆದುಕೊಳ್ಳಿ."

ವಿಮರ್ಶೆಯ ತುಣುಕಾದರೆ ಎಷ್ಟು ಸೆಕೆಂಡು ಬಳಸಿದ್ದೀರಿ, ಅದರ ಬಗ್ಗೆ ಏನು ಮಾತಾಡಿದ್ದೀರಿ ಅನ್ನುವುದನ್ನು ನಿಮಿಷದ ಲೆಕ್ಕದ ಸಮೇತ ಬರೆಯಿರಿ. ಯೂಟ್ಯೂಬಿನಲ್ಲಿ ಕ್ಲೇಮ್ ಮಾಡಿದವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಅಷ್ಟರಲ್ಲಿ ಅವರು ಏನೂ ಹೇಳದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ.

ಕಾನೂನಿನ ನೋಟಿಸ್ ಆಗಿದ್ದರೆ ಉತ್ತರದ ಹೆಸರು ಪ್ರತಿ ನೋಟಿಸ್ (ಕೌಂಟರ್ ನೋಟಿಸ್). ಖಾಸಗಿತನದ ನಿಜವಾದ ಇಕ್ಕಟ್ಟು ಇಲ್ಲೇ ಇರುವುದು. ಡಿಎಂಸಿಎ ಪ್ರಕಾರ ಪ್ರತಿ ನೋಟಿಸ್‌ನಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು, ಕೋರ್ಟಿನ ವ್ಯಾಪ್ತಿಗೆ ಒಪ್ಪಬೇಕು, ಸುಳ್ಳು ಹೇಳಿದರೆ ಶಿಕ್ಷೆ ಆಗುತ್ತದೆ ಅಂತ ಗೊತ್ತಿದ್ದೇ ಸಹಿ ಹಾಕಬೇಕು. ಅದರ ಪ್ರತಿ ನೇರವಾಗಿ ದೂರು ಕೊಟ್ಟವರ ಕೈಗೆ ಹೋಗುತ್ತದೆ. ನೀವು ಹೆಸರು ಹೇಳದೆ ಯಾವುದೋ ಬಲಾಢ್ಯರನ್ನು ಟೀಕಿಸಿದ್ದೀರಿ ಅನ್ನಿ. ಅವರು ಒಂದು ಸುಳ್ಳು ಕಾಪಿರೈಟ್ ದೂರು ಕೊಟ್ಟರೆ ಸಾಕು. ನೀವು ಸುಮ್ನಿದ್ದರೆ ಬರಹ ಹೋಯಿತು, ಉತ್ತರ ಕೊಟ್ಟರೆ ಮನೆ ವಿಳಾಸ ಹೋಯಿತು. ಈ ಇಕ್ಕಟ್ಟಿನಲ್ಲಿ ಎಷ್ಟೋ ಒಳ್ಳೆಯ ಬರಹಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದೇ.

ಇದಕ್ಕೆ ದಾರಿ ಇದೆ. ವಕೀಲರ ಮೂಲಕ, ಅವರ ಕಚೇರಿ ವಿಳಾಸದಿಂದ ಪ್ರತಿ ನೋಟಿಸ್ ಕಳಿಸಲು ಆಗುತ್ತದಾ ಅಂತ ಸೈಟನ್ನು ಕೇಳಿ. ಹಲವು ಸೈಟುಗಳು ಒಪ್ಪುತ್ತವೆ. ಮನೆಯ ವಿಳಾಸದ ಬದಲು ನಿಜವಾಗಿಯೂ ನಿಮಗೆ ಟಪಾಲು ಮುಟ್ಟುವ ಬೇರೆ ವಿಳಾಸ ಇದ್ದರೆ, ಅದು ನಡೆಯುತ್ತದಾ ಕೇಳಿ. ಸುಳ್ಳು ಹೆಸರು ಮಾತ್ರ ಹಾಕಬೇಡಿ, ಆಗ ಸರಿ ಇದ್ದವರೇ ತಪ್ಪಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಪ್ರತಿ ನೋಟಿಸ್ ತಲುಪಿದ ಮೇಲೆ ದೂರುದಾರರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಸೈಟು ನಿಮ್ಮ ಬರಹವನ್ನು ಮತ್ತೆ ಹಾಕಬೇಕು. ಭಾರತದ ಕಾನೂನಿನಲ್ಲಿ ಭಾರ ಇನ್ನೊಂದು ಕಡೆ ಇದೆ. ದೂರು ಕೊಟ್ಟವರೇ 21 ದಿನದೊಳಗೆ ಕೋರ್ಟಿನ ಆದೇಶ ತರಬೇಕು, ತರದಿದ್ದರೆ ಸೈಟು ಮತ್ತೆ ತೆರೆಯಬಹುದು.

ಹೋರಾಡಿದವರ ಒಂದು ಕಥೆ ಹೇಳುತ್ತೇನೆ. 2007ರಲ್ಲಿ ಅಮೆರಿಕದ ಒಬ್ಬ ತಾಯಿ ತನ್ನ ಪುಟ್ಟ ಮಗು ಅಡುಗೆಮನೆಯಲ್ಲಿ ಕುಣಿಯುವ 29 ಸೆಕೆಂಡಿನ ವಿಡಿಯೋ ಹಾಕಿದರು. ಹಿಂದೆ ಎಲ್ಲೋ ಒಂದು ಹಾಡು ಅಸ್ಪಷ್ಟವಾಗಿ ಕೇಳುತ್ತಿತ್ತು. ಹಾಡಿನ ಕಂಪನಿ ಅದನ್ನು ತೆಗೆಸಿತು. ಆಕೆ ಪ್ರತಿ ನೋಟಿಸ್ ಕೊಟ್ಟು ವಿಡಿಯೋ ವಾಪಸ್ ಪಡೆದರು. ಅಷ್ಟಕ್ಕೇ ಬಿಡದೆ ಇಂಟರ್ನೆಟ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನೆರವಿನಿಂದ ಕೋರ್ಟಿಗೂ ಹೋದರು. 2015ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು: ನೋಟಿಸ್ ಕಳಿಸುವವರು ಅದಕ್ಕೆ ಮೊದಲು ಇದು ಫೇರ್ ಯೂಸ್ ಆಗಿರಬಹುದಾ ಅಂತ ಯೋಚಿಸಲೇಬೇಕು. ಆ ತೀರ್ಪು ಈಗ ನಿಮ್ಮ ನನ್ನ ಉತ್ತರಗಳಿಗೂ ಆಧಾರ.

6. ಹಣ ಕೇಳುವ ಪತ್ರ ಬಂದರೆ

"ನಿಮ್ಮ ಐಪಿ ವಿಳಾಸದಿಂದ ನಮ್ಮ ಸಿನಿಮಾ ಡೌನ್‌ಲೋಡ್ ಆಗಿದೆ, ಇಷ್ಟು ಹಣ ಕಟ್ಟಿದರೆ ಕೇಸ್ ಹಾಕುವುದಿಲ್ಲ." ಇಂಥ ಪತ್ರ ಕಳಿಸುವುದನ್ನೇ ವ್ಯಾಪಾರ ಮಾಡಿಕೊಂಡವರು ಇದ್ದಾರೆ. ಅಮೆರಿಕದಲ್ಲಿ ಪ್ರೆಂಡಾ ಲಾ ಎಂಬ ಸಂಸ್ಥೆಯ ವಕೀಲರು ತಾವೇ ವಿಡಿಯೋಗಳನ್ನು ಟೊರೆಂಟ್ ಎಂಬ ಫೈಲ್ ಹಂಚುವ ಜಾಲಕ್ಕೆ ಹಾಕಿ, ಇಳಿಸಿಕೊಂಡವರನ್ನು ಹೆದರಿಸಿ ಹಣ ಕಿತ್ತಿದ್ದು ಸಾಬೀತಾಗಿ 2019ರಲ್ಲಿ ಜೈಲು ಶಿಕ್ಷೆಯಾಯಿತು.

ಐಪಿ ವಿಳಾಸ ಅಂದರೆ ಒಂದು ಸಂಪರ್ಕದ ಗುರುತು. ಅದರಿಂದ ಮನುಷ್ಯ ಯಾರು ಅಂತ ಗೊತ್ತಾಗುವುದಿಲ್ಲ. ಒಂದೇ ವೈಫೈಯನ್ನು ಮನೆಯವರು, ಅತಿಥಿಗಳು, ಪಕ್ಕದ ಮನೆಯವರು ಬಳಸುತ್ತಿರಬಹುದು. ಅಮೆರಿಕದ ಒಂದು ಮೇಲ್ಮನವಿ ಕೋರ್ಟ್ 2018ರಲ್ಲಿ, ಸಂಪರ್ಕ ಇವರ ಹೆಸರಲ್ಲಿದೆ ಅನ್ನುವುದಷ್ಟರಿಂದಲೇ ಆರೋಪ ನಿಲ್ಲುವುದಿಲ್ಲ ಅಂದಿತು. 2005ರಲ್ಲಿ ಸಂಗೀತ ಕಂಪನಿಗಳು ಕೇಸ್ ಹಾಕಿದವರಲ್ಲಿ ಒಬ್ಬರು ಆಗಲೇ ತೀರಿಹೋಗಿದ್ದ 83 ವರ್ಷದ ಅಜ್ಜಿ.

ಆದ್ದರಿಂದ ಗಾಬರಿಯಲ್ಲಿ ಫೋನ್ ಮಾಡಿ ವಿವರಣೆ ಕೊಡಬೇಡಿ. ಒಪ್ಪಿಕೊಳ್ಳುವ ಯಾವ ಮಾತನ್ನೂ ಬರೆಯಬೇಡಿ. ಹಾಗಂತ ಪತ್ರವನ್ನು ಕಸದ ಬುಟ್ಟಿಗೂ ಹಾಕಬೇಡಿ. ಕೋರ್ಟಿನಿಂದ ಬಂದದ್ದಾ, ಬರೀ ವಕೀಲರ ಕಚೇರಿಯಿಂದ ಬಂದದ್ದಾ ನೋಡಿ. ಕೋರ್ಟಿನದಾದರೆ ಕೊನೆಯ ದಿನ ಮೀರುವ ಮೊದಲು ನಿಮ್ಮ ವಕೀಲರನ್ನು ಕಾಣಿ. ನಿಮ್ಮ ಇಂಟರ್ನೆಟ್ ಕಂಪನಿಗೂ ಬರೆದು ಕೇಳಿ: ನನ್ನ ವಿವರವನ್ನು ಯಾರಿಗಾದರೂ ಕೊಟ್ಟಿದ್ದೀರಾ, ಯಾವ ಆದೇಶದ ಮೇಲೆ ಕೊಟ್ಟಿರಿ?

ಕಂಪನಿಗಳು ಗಟ್ಟಿಯಾಗಿ ನಿಂತರೆ ಫಲ ಇದೆ. 2003ರಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ವೆರಿಜಾನ್ ತನ್ನ ಗ್ರಾಹಕರ ಹೆಸರು ಕೊಡಲು ಒಪ್ಪದೆ ಕೋರ್ಟಿನಲ್ಲಿ ಗೆದ್ದಿತು. 2022ರಲ್ಲಿ ಇನ್ನೊಂದು ಪ್ರಕರಣ. ಒಬ್ಬ ಶ್ರೀಮಂತರನ್ನು ಟೀಕಿಸುತ್ತಿದ್ದ ಹೆಸರಿಲ್ಲದ ಟ್ವಿಟರ್ ಖಾತೆಯ ಹಿಂದೆ ಯಾರಿದ್ದಾರೆ ಅಂತ ತಿಳಿಯಲು, ಅದರಲ್ಲಿದ್ದ ಫೋಟೋಗಳ ಕಾಪಿರೈಟ್ ನೆಪದಲ್ಲಿ ಒಂದು ಕಂಪನಿ ಸಮನ್ಸ್ ತಂದಿತು. ಟ್ವಿಟರ್ ಹೆಸರು ಕೊಡಲಿಲ್ಲ. ನ್ಯಾಯಾಧೀಶರು ಸಮನ್ಸ್ ರದ್ದು ಮಾಡಿದರು.

7. ಮೊದಲೇ ಮಾಡಿಟ್ಟುಕೊಳ್ಳಬೇಕಾದ ಸಣ್ಣ ಕೆಲಸಗಳು

ಟೀಕೆ, ತನಿಖೆ, ರಾಜಕೀಯ ಬರೆಯುವವರು ಅದಕ್ಕೆಂದೇ ಬೇರೆ ಮೇಲ್ ವಿಳಾಸ ಇಟ್ಟುಕೊಳ್ಳಿ. ಸ್ವಂತ ಸೈಟ್ ಇದ್ದರೆ ಡೊಮೇನ್ ಹೆಸರಿನ ಜೊತೆ ನಿಮ್ಮ ಮನೆ ವಿಳಾಸ ಹೂಈಸ್ ದಾಖಲೆಯಲ್ಲಿ (ಡೊಮೇನ್ ಯಾರದ್ದು ಅಂತ ತೋರಿಸುವ ಪಟ್ಟಿ) ಕಾಣುತ್ತಿದೆಯಾ ನೋಡಿ. 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ಕಾಯುವ ಕಾನೂನು ಜಿಡಿಪಿಆರ್ ಜಾರಿಯಾದ ಮೇಲೆ ಬಹಳ ಕಡೆ ಇದು ಮುಚ್ಚಿರುತ್ತದೆ, ಎಲ್ಲ ಕಡೆ ಅಲ್ಲ. ಫೋಟೋ ಹಾಕುವ ಮೊದಲು ಅದರೊಳಗೆ ಅಡಗಿರುವ ಜಾಗದ ಮಾಹಿತಿ ತೆಗೆದುಹಾಕಿ.

ನಿಮ್ಮ ಸಂಪರ್ಕವನ್ನು ಬೇರೊಂದು ಕಂಪನಿಯ ಮೂಲಕ ಹಾಯಿಸುವ ವಿಪಿಎನ್ ಬಗ್ಗೆ ಜಾಸ್ತಿ ಜಾಹೀರಾತು ಇದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ವಿಪಿಎನ್ ಹಾಕಿದರೆ ನೀವು ಎಲ್ಲೆಲ್ಲಿ ಹೋಗುತ್ತೀರಿ ಅನ್ನುವುದು ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣುವುದಿಲ್ಲ, ಆದರೆ ವಿಪಿಎನ್ ಕಂಪನಿಗೆ ಕಾಣಬಹುದು. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ, ಅಷ್ಟೇ. ಬಿಟ್ಟಿ ವಿಪಿಎನ್‌ಗಳಿಂದ ದೂರ ಇರಿ. ಟಾರ್ ಬ್ರೌಸರ್ ನಿಮ್ಮ ಸಂಪರ್ಕವನ್ನು ಮೂರು ಕಡೆ ಸುತ್ತಿಸಿ ಕಳಿಸುವುದರಿಂದ ಯಾವ ಒಬ್ಬರಿಗೂ ಪೂರ್ತಿ ದಾರಿ ಗೊತ್ತಾಗುವುದಿಲ್ಲ. ನಿಧಾನ, ಆದರೆ ಗುಟ್ಟು ಕಾಯಬೇಕಾದ ಓದಿಗೆ, ಬರಹಕ್ಕೆ ಅದೇ ಮೇಲು. ನಿಮ್ಮ ನಿಜ ಹೆಸರಿನ ಖಾತೆಗೆ ಅದರಲ್ಲೇ ಲಾಗಿನ್ ಆದರೆ ಆ ಸೈಟಿಗೆ ನೀವು ಯಾರು ಅಂತ ಗೊತ್ತಾಗಿಯೇ ಆಗುತ್ತದೆ, ಅಲ್ವಾ?

8. ಬೀಗ ಹಾಕಿದ ಪುಸ್ತಕ, ಬೀಗ ಹಾಕಿದ ಹಾಡು

ನಕಲು ತಡೆಯಲು ಹಾಕುವ ಡಿಜಿಟಲ್ ಬೀಗಕ್ಕೆ ಡಿಆರ್‌ಎಂ ಅನ್ನುತ್ತಾರೆ. ಇದು ಖಾಸಗಿತನಕ್ಕೆ ಹೇಗೆ ಕೈ ಹಾಕುತ್ತದೆ ಅನ್ನುವುದಕ್ಕೆ ಸೋನಿ ಬಿಎಂಜಿ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2005ರಲ್ಲಿ ಅದರ ಕೆಲವು ಸಂಗೀತದ ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ, ಕಣ್ಣಿಗೆ ಕಾಣದ ಹಾಗೆ ಒಂದು ಸಾಫ್ಟ್‌ವೇರ್ ಒಳಗೆ ಕೂರುತ್ತಿತ್ತು. ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಅದನ್ನು ಪತ್ತೆ ಮಾಡಿದರು. ಅದು ತೆರೆದಿಟ್ಟ ಕಂಡಿಯಲ್ಲಿ ವೈರಸ್‌ಗಳೂ ನುಗ್ಗಿದವು. ದುಡ್ಡು ಕೊಟ್ಟು ಸಿಡಿ ಕೊಂಡವರಿಗೇ ಈ ಶಿಕ್ಷೆ. 2014ರಲ್ಲಿ ಅಡೋಬಿಯ ಇ-ಪುಸ್ತಕ ಓದುವ ಸಾಫ್ಟ್‌ವೇರ್, ಯಾವ ಪುಸ್ತಕದ ಯಾವ ಪುಟ ಓದುತ್ತಿದ್ದೀರಿ ಅನ್ನುವುದನ್ನು ಗುಪ್ತಲಿಪಿಯೂ ಇಲ್ಲದೆ ಬಯಲಲ್ಲೇ ಕಂಪನಿಗೆ ಕಳಿಸುತ್ತಿದ್ದದ್ದು ಹೊರಬಂತು.

ಕೊಂಡದ್ದು ನಿಮ್ಮದಾಗಿಯೂ ಉಳಿಯುವುದಿಲ್ಲ. ಅಮೆಜಾನ್ 2009ರಲ್ಲಿ ಗ್ರಾಹಕರ ಕಿಂಡಲ್ (ಇ-ಪುಸ್ತಕ ಓದುವ ಸಾಧನ) ಒಳಗಿಂದಲೇ ಮಾರಿದ ಪುಸ್ತಕಗಳನ್ನು ಅಳಿಸಿತು. ಮೈಕ್ರೋಸಾಫ್ಟ್ 2019ರಲ್ಲಿ ಪುಸ್ತಕದಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ತೆರೆಯದಾದವು. ಹಣ ವಾಪಸ್ ಬಂತು, ಪುಸ್ತಕ ಬರಲಿಲ್ಲ.

ಹಾಗಾಗಿ ಕೊಳ್ಳುವ ಮೊದಲು "ಡಿಆರ್‌ಎಂ ಇಲ್ಲ" ಅಂತ ಬರೆದಿದೆಯಾ ನೋಡಿ. ಎರಡು ಕಡೆ ಒಂದೇ ಪುಸ್ತಕ ಸಿಗುವುದಾದರೆ ಬೀಗ ಇಲ್ಲದ ಕಡೆ ಕೊಳ್ಳಿ. ಬೀಗ ಒಡೆಯುವುದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ನಿಮ್ಮದೇ ಪ್ರತಿಯಾದರೂ. ಅಮೆರಿಕದಲ್ಲಿ ಮೂರು ವರ್ಷಕ್ಕೊಮ್ಮೆ ಜನ ಅರ್ಜಿ ಹಾಕಿ ಇದರಿಂದ ವಿನಾಯಿತಿ ಕೇಳಬಹುದು. ಫೋನ್, ಟ್ರ್ಯಾಕ್ಟರ್ ರಿಪೇರಿಗೆ ವಿನಾಯಿತಿ ಸಿಕ್ಕಿದ್ದು ಹಾಗೆಯೇ. ನೀವೇ ಬರೆಯುವವರು, ಹಾಡುವವರಾದರೆ ನಿಮ್ಮ ಕೆಲಸವನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಡಿ. ಹೆಸರು ಹೇಳಿ ಬಳಸಿ ಅನ್ನುವುದರಿಂದ ಹಿಡಿದು ಹಲವು ಬಗೆ ಅದರಲ್ಲಿವೆ. ಲೈಸೆನ್ಸ್ ಎದ್ದು ಕಾಣುವ ಹಾಗೆ ಇದ್ದರೆ ಬಳಸುವವರಿಗೂ ಧೈರ್ಯ.

9. ಒಳ್ಳೆಯ ಸೈಟ್ ಮುಚ್ಚಿಹೋದರೆ

ಕಾಪಿರೈಟ್ ಹೆಸರಲ್ಲಿ ಸೈಟ್ ತಡೆಯುವಾಗ ಏಟು ಅಕ್ಕಪಕ್ಕದವರಿಗೂ ಬೀಳುತ್ತದೆ. 2017ರ ಆಗಸ್ಟ್‌ನಲ್ಲಿ ಸಿನಿಮಾ ಪೈರಸಿ ತಡೆಯುವ ಆದೇಶದಲ್ಲಿ ಹಳೆಯ ವೆಬ್ ಪುಟ, ಪುಸ್ತಕಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್ ಭಾರತದಲ್ಲಿ ಬಂದ್ ಆಗಿತ್ತು. ಇಟಲಿಯಲ್ಲಿ ಫುಟ್‌ಬಾಲ್ ಪ್ರಸಾರದ ಕಳ್ಳತನ ತಡೆಯಲು ತಂದ ಪೈರಸಿ ಶೀಲ್ಡ್ ವ್ಯವಸ್ಥೆಯಲ್ಲಿ 30 ನಿಮಿಷದಲ್ಲಿ ಸೈಟ್ ತಡೆಯಬೇಕು. 2024ರ ಅಕ್ಟೋಬರ್‌ನಲ್ಲಿ ಅದು ಗೂಗಲ್ ಡ್ರೈವನ್ನೇ ತಡೆದುಬಿಟ್ಟಿತು. ಅರ್ಧ ಗಂಟೆಯಲ್ಲಿ ಯಾರು ತಾನೇ ಸರಿಯಾಗಿ ಪರಿಶೀಲಿಸುತ್ತಾರೆ?

ಹೀಗಾದರೆ ದಿನಾಂಕ, ಸಮಯ, ಪರದೆಯ ಮೇಲೆ ಬಂದ ಮಾತು, ನಿಮ್ಮ ಇಂಟರ್ನೆಟ್ ಕಂಪನಿಯ ಹೆಸರು ಬರೆದಿಡಿ. ಯಾವ ಆದೇಶದ ಪ್ರಕಾರ ತಡೆದಿದ್ದೀರಿ ಅಂತ ಕಂಪನಿಗೆ ಬರಹದಲ್ಲಿ ಕೇಳಿ. ಸೈಟ್ ನಡೆಸುವವರಿಗೂ ತಿಳಿಸಿ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

10. ಕಾನೂನು ಕರಡಿನಲ್ಲಿ ಇರುವಾಗಲೇ ಮಾತಾಡಿ

ಮಾತಾಡಿದರೆ ಏನೂ ಆಗುವುದಿಲ್ಲ ಅನ್ನುವವರಿಗೆ ನಾನು 2012ನೇ ವರ್ಷ ನೆನಪಿಸುತ್ತೇನೆ. ಅಮೆರಿಕದ ಸಂಸತ್ತಿನಲ್ಲಿ ಪೈರಸಿ ತಡೆಯುವ ಹೆಸರಲ್ಲಿ ಸೈಟುಗಳನ್ನು ಮುಚ್ಚಿಸಲು ಅವಕಾಶ ಕೊಡುವ ಸೋಪಾ ಮತ್ತು ಪೀಪಾ ಎಂಬ ಎರಡು ಮಸೂದೆ ಇದ್ದವು. ಅವನ್ನು ವಿರೋಧಿಸಿ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯಾ 24 ಗಂಟೆ ಕತ್ತಲಾಯಿತು, ಸಾವಿರಾರು ಸೈಟುಗಳು ಜೊತೆಗೂಡಿದವು. ಎರಡೇ ದಿನದಲ್ಲಿ ಎರಡೂ ಮಸೂದೆಗಳನ್ನು ಬದಿಗಿಟ್ಟರು. ಅದೇ ವರ್ಷ ಜುಲೈ 4ರಂದು ಯುರೋಪಿನ ಸಂಸತ್ತು ನಕಲಿ ಮಾಲು, ಪೈರಸಿ ತಡೆಯುವ ಆಕ್ಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದವನ್ನು 478-39 ಮತಗಳಿಂದ ತಳ್ಳಿಹಾಕಿತು. ಅದಕ್ಕೂ ಮೊದಲು ಜನ ಕೊರೆಯುವ ಚಳಿಯಲ್ಲಿ ಬೀದಿಗೆ ಇಳಿದಿದ್ದರು. 2019ರಲ್ಲಿ ಮಾತ್ರ ಯುರೋಪಿನ ಹೊಸ ಕಾಪಿರೈಟ್ ನಿರ್ದೇಶನ ಪಾಸಾಯಿತು, ಎಷ್ಟೇ ವಿರೋಧ ಇದ್ದರೂ. ಆದರೂ 2022ರಲ್ಲಿ ಅಲ್ಲಿಯ ಕೋರ್ಟ್, ಜನ ಹಾಕುವುದನ್ನು ಜರಡಿ ಹಿಡಿಯುವಾಗ ಸರಿ ತಪ್ಪು ಬೇರೆ ಮಾಡಲು ಬಾರದ ಫಿಲ್ಟರ್ ಬಳಸುವಂತಿಲ್ಲ ಅಂತ ಗೆರೆ ಎಳೆಯಿತು.

ಕರಡು ಓದುವಾಗ ನಾನು ಇಷ್ಟನ್ನು ಹುಡುಕುತ್ತೇನೆ. ತೆಗೆಯುವ ತೀರ್ಮಾನ ನ್ಯಾಯಾಧೀಶರದ್ದಾ, ಕಂಪನಿಯದ್ದಾ, ಯಂತ್ರದ್ದಾ? ಉತ್ತರ ಕೊಡಲು ನನಗೆ ಎಷ್ಟು ಸಮಯ? ಸುಳ್ಳು ದೂರಿಗೆ ಶಿಕ್ಷೆ ಇದೆಯಾ? ನನ್ನ ಹೆಸರು ಯಾರ ಆದೇಶದ ಮೇಲೆ ಹೊರಬೀಳುತ್ತದೆ? ಇಂಟರ್ನೆಟ್ ಕಡಿತದ ಶಿಕ್ಷೆ ಇದೆಯಾ? ಈ ಕೊನೆಯದರ ಬಗ್ಗೆ ಫ್ರಾನ್ಸಿನ ಸಂವಿಧಾನ ಮಂಡಳಿ 2009ರಲ್ಲೇ ಹೇಳಿದೆ: ನ್ಯಾಯಾಧೀಶರಿಲ್ಲದೆ ಒಂದು ಆಡಳಿತ ಸಂಸ್ಥೆ ಜನರ ಇಂಟರ್ನೆಟ್ ಕಡಿಯುವಂತಿಲ್ಲ, ಅದು ಮಾತಿನ ಸ್ವಾತಂತ್ರ್ಯಕ್ಕೆ ಸೇರಿದ್ದು.

ಅಭಿಪ್ರಾಯ ಬರೆಯುವಾಗ ಬೇರೆಯವರ ಪತ್ರವನ್ನು ಹಾಗೆಯೇ ಅಂಟಿಸಬೇಡಿ. ಕರಡಿನ ಯಾವ ಕಲಂ ಅಂತ ಸಂಖ್ಯೆ ಹಾಕಿ, ಅದರಿಂದ ನಿಮಗೆ ಏನಾಗುತ್ತದೆ ಅಂತ ನಿಮ್ಮದೇ ಅನುಭವದ ಒಂದು ಘಟನೆ ಹೇಳಿ, ಅದನ್ನು ಹೇಗೆ ತಿದ್ದಬೇಕು ಅಂತ ಒಂದು ಸಾಲು ಬರೆಯಿರಿ. ಒಂದು ಪುಟ ಸಾಕು. ಕಣ್ಣು ಕಾಣದವರ ಸಂಘಟನೆಗಳು ಹೀಗೆ ವರ್ಷಗಟ್ಟಲೆ ತಮ್ಮ ಕಷ್ಟ ಹೇಳಿಕೊಂಡು ಬಂದದ್ದರಿಂದಲೇ 2013ರಲ್ಲಿ ಮರ್ರಾಕೇಶ್ ಒಪ್ಪಂದ ಬಂತು. ಈಗ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅವರಿಗಾಗಿ ಪುಸ್ತಕವನ್ನು ಬ್ರೈಲ್‌ಗೋ ಧ್ವನಿಗೋ ಇಳಿಸಲು ಹಕ್ಕುದಾರರ ಅನುಮತಿಗೆ ಕಾಯಬೇಕಿಲ್ಲ.

ಕಳಿಸುವ ಮೊದಲು ಇನ್ನೊಂದು ನೋಡಿಕೊಳ್ಳಿ. ಸರ್ಕಾರಗಳು ಬಂದ ಅಭಿಪ್ರಾಯಗಳನ್ನು ಬರೆದವರ ಹೆಸರಿನ ಸಮೇತ ಪ್ರಕಟಿಸುವುದುಂಟು. ಫಾರ್ಮಿನಲ್ಲಿ "ಹೆಸರು ಪ್ರಕಟಿಸಬೇಡಿ" ಎಂಬ ಚೌಕ ಇದ್ದರೆ ಬೇಕಾದವರು ಗುರುತು ಹಾಕಿ. ಮನೆ ವಿಳಾಸ ಮತ್ತು ಫೋನ್ ನಂಬರನ್ನು ಪತ್ರದ ಒಳಗೆ ಬರೆಯದೆ, ಅವರು ಕೇಳಿದ ಜಾಗದಲ್ಲಿ ಮಾತ್ರ ತುಂಬಿ.